ಒಂದಂಕಣದ ಮನೆ

ಬಹಳ ವರ್ಷಗಳ ಕಾಲ ಕಾಲೇಜಿನ ಹುಡುಗರಿಗೆ ಪ್ರಾಣಿಶಾಸ್ತ್ರದ ಪಾಠ ಹೇಳಿದವನು ನಾನು. ಪ್ರತಿ ವರ್ಷವೂ ಪಾಠ ಮೊದಲಾಗುತ್ತಿದ್ದುದು ಅಮೀಬದಿಂದ. ಕರಿಹಲಗೆಯ ಮೇಲೆ ಅಂಕುಡೊಂಕಾದ ಒಂದು ಗೆರೆಯನ್ನೆಳೆದು ಅದರ ಎರಡು ತುದಿಗಳನ್ನು ಕೂಡಿಸಿಬಿಟ್ಟರೆ ಅಮೀಬ ಸಿದ್ಧವಾಗುತ್ತಿತ್ತು. ಚಿತ್ರ ಬಾರದ ಹುಡುಗನೂ ತಪ್ಪಿಲ್ಲದೆ ಬರೆಯಬಹುದಾದ ಚಿತ್ರ ಅದೊಂದೇ. ಅದರ ಮೇಲೆ ‘ಅಮೀಬದ ಅಂಗರಚನೆ’ ಎಂದು ದಪ್ಪ ಅಕ್ಷರಗಳಲ್ಲಿ ಬರೆಯುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದುನಿಂತು, “ಸಾರ್, ಅಮೀಬಕ್ಕೆ ಕೈಯಿಲ್ಲ, ಕಾಲಿಲ್ಲ, ಬಾಯಿಲ್ಲ, ಹೊಟ್ಟೆಯಿಲ್ಲ ಎಂದು ನೀವೇ ಹೇಳಿದಿರಿ. ಅಂಗಗಳೇ ಇಲ್ಲದ ಮೇಲೆ ಅಂಗರಚನೆ ಎಲ್ಲಿಂದ ಬಂತು?” ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕು, ಪಠ್ಯಪುಸ್ತಕದಲ್ಲಿದ್ದ ಉತ್ತರವನ್ನೇ ಒಪ್ಪಿಸಿ ಅವನನ್ನು ಕೂರಿಸಿದೆ. ಹುಡುಗನೇನೋ ಕುಳಿತ, ಪ್ರಶ್ನೆ ಕೂರಲಿಲ್ಲ. ಅದು ಇಂದಿಗೂ ನನ್ನೊಳಗೆ ಎದ್ದೇ ನಿಂತಿದೆ. ಈ ಹೊತ್ತಿನ ಮಾತು ಅದಕ್ಕೆ ನಾನು ತಡವಾಗಿ ಕೊಡುತ್ತಿರುವ ಉತ್ತರವೆಂದು ತಿಳಿಯಬೇಕು.

ಮನುಷ್ಯನ ಕಣ್ಣಿಗೆ ಈ ಲೋಕ ಮೊದಲು ತೆರೆದುಕೊಂಡುದು 1674ರಲ್ಲಿ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಜವಳಿ ವ್ಯಾಪಾರಿ ಆಂಟನಿ ವಾನ್ ಲೇವೆನ್‌ಹುಕ್ ತಾನೇ ಉಜ್ಜಿ ನಯಮಾಡಿದ ಪುಟ್ಟ ಮಸೂರದ ಹಿಂದೆ ಊರಾಚೆಯ ಕೆರೆಯ ನೀರನ್ನಿಟ್ಟು ನೋಡಿದ. ಒಂದು ಹನಿಯಲ್ಲಿ ಅಸಂಖ್ಯಾತ ಜೀವಿಗಳು ಓಡಾಡುತ್ತಿದ್ದುವು. ಆತ ವಿದ್ವಾಂಸನಲ್ಲ; ಲ್ಯಾಟಿನ್ ಬಲ್ಲವನಲ್ಲ. ಕಂಡುದನ್ನು ಕಂಡಂತೆ ತನ್ನ ಆಡುಮಾತಿನಲ್ಲಿ ಬರೆದು 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ದೀರ್ಘವಾದ ಕಾಗದವೊಂದನ್ನು ಕಳುಹಿಸಿದ. ಅಲ್ಲಿಯವರು ಮೊದಲು ನಂಬಲಿಲ್ಲ. ಮರುವರ್ಷ ರಾಬರ್ಟ್ ಹುಕ್ ತನ್ನದೇ ಸೂಕ್ಷ್ಮದರ್ಶಕದಲ್ಲಿ ನೋಡಿ, ಇತರರಿಗೂ ತೋರಿಸಿದ ಮೇಲೆ ನಂಬದೆ ಗತ್ಯಂತರವಿರಲಿಲ್ಲ.

ನಮ್ಮ ಊರುಗಳಲ್ಲಿ ಅಮೀಬ ಎಂದೊಡನೆ ನೆನಪಾಗುವುದು ಆಮಶಂಕೆ. ಆ ರೋಗವನ್ನು ತರುವುದು ಅಮೀಬಗಳ ಕುಲದಲ್ಲೊಂದು ಪುಂಡ ಜಾತಿ. ಕೆರೆಯ ಕೆಸರಿನಲ್ಲಿ, ನೀರಿನಲ್ಲಿ ಕೊಳೆಯುವ ಎಲೆಗಳ ತಳದಲ್ಲಿ ತನ್ನ ಪಾಡಿಗೆ ತಾನು ಬಾಳುವ ಅಮೀಬ ಬಹುಮಟ್ಟಿಗೆ ನಮ್ಮ ತಂಟೆಗೆ ಬರುವುದಿಲ್ಲ. ದೊಡ್ಡ ಜಾತಿಯದಾದರೆ ಅರ್ಧ ಮಿಲಿಮೀಟರಿನಷ್ಟಿದ್ದು, ಕಣ್ಣು ಚುರುಕಾದವರಿಗೆ ಬಿಳಿಯ ಚುಕ್ಕೆಯಂತೆ ತೋರೀತು. ಅದು ಒಂದೇ ಒಂದು ಜೀವಕೋಶ. ನಮ್ಮ ದೇಹವನ್ನು ನೂರು ಕೋಣೆಗಳ ಅರಮನೆ ಎನ್ನುವುದಾದರೆ ಅಮೀಬದ್ದು ಒಂದಂಕಣದ ಮನೆ. ಒಂದಂಕಣದ ಮನೆಯೆಂದರೆ ಅಡುಗೆಯಿಲ್ಲ, ಊಟವಿಲ್ಲ, ನಿದ್ದೆಯಿಲ್ಲ ಎಂದರ್ಥವೆ? ಎಲ್ಲವೂ ಉಂಟು, ಎಲ್ಲವೂ ಅದೇ ಅಂಕಣದಲ್ಲಿ ನಡೆಯಬೇಕು, ಅಷ್ಟೆ.

ಆ ಮನೆಯನ್ನೊಮ್ಮೆ ಸುತ್ತಿ ಬರೋಣ. ಹೊರಗೋಡೆಯೆಂದರೆ ಅತಿ ತೆಳುವಾದೊಂದು ಪೊರೆ. ಒಳಗೆ ತುಂಬಿರುವುದು ಜೀವರಸ. ಅದರ ಹೊರಅಂಚು ಗಟ್ಟಿಯಾಗಿ, ಒಳಭಾಗ ತೆಳ್ಳಗೆ ಹರಿಯುವಂತೆ ಇರುತ್ತದೆ. ಹೆಪ್ಪುಗಟ್ಟಿದ ತುಪ್ಪ ಒಂದೆಡೆ ಕರಗಿ ಹರಿದು, ಮುಂದೆ ಹೋಗಿ ಮತ್ತೆ ಹೆಪ್ಪುಗಟ್ಟಿದ ಹಾಗೆ ಈ ಜೀವರಸ ಒಂದು ದಿಕ್ಕಿಗೆ ಹರಿದಾಗ ಪೊರೆ ಅತ್ತ ಚಾಚಿಕೊಳ್ಳುತ್ತದೆ. ಇದೇ ಮಿಥ್ಯಾಪಾದ, ಎಂದರೆ ಸುಳ್ಳುಕಾಲು. ಹೆಸರಿಟ್ಟವರು ಸ್ವಲ್ಪ ಅನ್ಯಾಯ ಮಾಡಿದರೆಂದು ನನ್ನ ಭಾವನೆ. ಬೇಕಾದಾಗ ಬೇಕಾದ ಕಡೆ ಮೂಡಿ, ನಡೆದಾದ ಮೇಲೆ ಮಾಯವಾಗುವ ಕಾಲು ಸುಳ್ಳಾಗುವುದು ಹೇಗೆ? ಆಹಾರದ ಕಣ ಎದುರಾದರೆ ಅದೇ ಕಾಲುಗಳು ಕೈಗಳಾಗಿ ಅದನ್ನು ತಬ್ಬಿಕೊಳ್ಳುತ್ತವೆ. ತಬ್ಬಿದ ಜಾಗವೇ ಬಾಯಿ. ಕಣದೊಡನೆ ಒಳಹೊಕ್ಕ ನೀರಿನ ಗುಳ್ಳೆಯೇ ಹೊಟ್ಟೆ. ಜೀರ್ಣರಸಗಳು ಅದರೊಳಕ್ಕೆ ಇಳಿದು ಅನ್ನವನ್ನು ಕರಗಿಸುತ್ತವೆ. ಸಾರ ಜೀವರಸಕ್ಕೆ ಸೇರುತ್ತದೆ, ಚರಟ ಹೊರಗುಳಿಯುತ್ತದೆ. ಊಟ ಮುಗಿದ ಮೇಲೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ.

ಇದಕ್ಕಿಂತ ಸ್ವಾರಸ್ಯವಾದುದು ಆ ಮನೆಯಲ್ಲಿ ನೀರು ಎತ್ತಿ ಹೊರಚೆಲ್ಲುವ ವ್ಯವಸ್ಥೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದರೆ ಉಬ್ಬಿಕೊಳ್ಳುತ್ತದಷ್ಟೆ? ಒಳಗಿನ ದ್ರವ ಸಾಂದ್ರವಾಗಿ, ಹೊರಗಿನ ನೀರು ತಿಳಿಯಾಗಿದ್ದರೆ ನೀರು ಪೊರೆಯನ್ನು ದಾಟಿ ಒಳನುಗ್ಗುವುದು ನಿಸರ್ಗದ ನಿಯಮ. ಸಿಹಿನೀರಿನಲ್ಲಿ ಬಾಳುವ ಅಮೀಬಕ್ಕೂ ಇದೇ ಸಂಕಟ. ಸುಮ್ಮನಿದ್ದರೆ ಅದು ಉಬ್ಬಿ ಒಡೆದುಹೋಗಬೇಕು. ಅದಕ್ಕಾಗಿ ಅದರೊಳಗೆ ಒಂದು ಗುಳ್ಳೆ ಸದಾ ದುಡಿಯುತ್ತಿರುತ್ತದೆ: ಹೆಚ್ಚಾದ ನೀರನ್ನು ತುಂಬಿಕೊಂಡು ದೊಡ್ಡದಾಗುತ್ತದೆ, ಪೊರೆಯ ಅಂಚಿಗೆ ಬಂದು ಹೊರಚೆಲ್ಲಿ ಕುಗ್ಗುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ಸಂಕೋಚಿಸುವ ರಸದಾನಿ ಎಂಬುದು ಇದರ ಶಾಸ್ತ್ರೀಯ ನಾಮ. ಮಳೆಗಾಲದಲ್ಲಿ ದೋಣಿಗೆ ನುಗ್ಗುವ ನೀರನ್ನು ಮೊಗೆದು ಚೆಲ್ಲುತ್ತ ಕೂತ ಅಂಬಿಗನನ್ನು ನೆನೆದುಕೊಳ್ಳಿ. ಉಪ್ಪುನೀರಿನ ಸಮುದ್ರದಲ್ಲಿರುವ ಅಮೀಬಗಳಲ್ಲಿ ಬಹುಮಟ್ಟಿಗೆ ಈ ರಸದಾನಿ ಇರುವುದಿಲ್ಲ. ನಮ್ಮ ಕರುಳಿನಲ್ಲಿ ಸೇರಿಕೊಳ್ಳುವ ಆಮಶಂಕೆಯ ಅಮೀಬದಲ್ಲೂ ಇಲ್ಲ. ದೋಣಿಗೆ ನೀರು ನುಗ್ಗದ ಕಡೆ ಮೊಗೆಯುವ ಅಂಬಿಗನೇಕೆ? ಅಂಗವೆಂಬುದು ಶೋಭೆಗೆ ಬಂದುದಲ್ಲ, ಅಗತ್ಯಕ್ಕೆ ಬಂದುದು ಎಂಬ ಪಾಠವನ್ನು ಇದಕ್ಕಿಂತ ಚೊಕ್ಕವಾಗಿ ಹೇಳುವ ಉದಾಹರಣೆ ನನಗೆ ಗೊತ್ತಿಲ್ಲ.

ಕೊನೆಗೆ, ಮನೆಯ ಯಜಮಾನನಂತಿರುವ ಕೋಶಕೇಂದ್ರ. ಅಮೀಬವನ್ನು ಸೂಕ್ಷ್ಮವಾಗಿ ಎರಡು ತುಂಡು ಮಾಡಿದರೆ ಕೋಶಕೇಂದ್ರವುಳ್ಳ ತುಂಡು ಗಾಯ ಮಾಯ್ದು, ತಿಂದು, ಬೆಳೆದು, ಮತ್ತೆ ಪೂರ್ಣ ಅಮೀಬವಾಗುತ್ತದೆ. ಇನ್ನೊಂದು ತುಂಡು ಕೆಲವು ದಿನ ಅತ್ತಿತ್ತ ತೆವಳಾಡಿ ಸಾಯುತ್ತದೆ.

ಇದೇ ಏಕಕೋಶದ ಬಡಾವಣೆಯಲ್ಲಿ ಸ್ವಲ್ಪ ಅನುಕೂಲಸ್ಥರ ಮನೆಯೂ ಒಂದಿದೆ. ಭತ್ತದ ಹುಲ್ಲನ್ನು ಕುದಿಸಿ ಆರಿಸಿದ ನೀರಿಗೆ ಒಂದಿಷ್ಟು ಕೆರೆಯ ನೀರನ್ನು ಬೆರೆಸಿ ಒಂದು ವಾರ ಬಿಟ್ಟರೆ ಅದರಲ್ಲಿ ಪ್ಯಾರಮೀಸಿಯಂ ಎಂಬ ಜೀವಿ ಕಾಣಿಸಿಕೊಳ್ಳುವುದುಂಟು. ಆಕಾರ ಚಪ್ಪಲಿಯ ಅಟ್ಟೆಯಂತೆ. ಮೈತುಂಬ ಸಾವಿರಾರು ನವುರಾದ ಲೋಮಗಳು. ಗಾಳಿಗೆ ತೂಗುವ ಪೈರಿನಂತೆ ಅವು ಅಲೆಯಲೆಯಾಗಿ ಬಡಿಯುತ್ತ ಅದನ್ನು ಈಜಿಸುತ್ತವೆ. ಇಲ್ಲಿ ಬಾಯಿಗೆ ಒಂದು ಗೊತ್ತಾದ ಸ್ಥಳವುಂಟು. ಚರಟ ಹೊರಹೋಗಲೂ ಒಂದು ಗೊತ್ತಾದ ಬಾಗಿಲುಂಟು. ನೀರೆತ್ತುವ ರಸದಾನಿಗಳು ಎರಡು. ಸುತ್ತಲಿಂದ ಕಾಲುವೆಗಳು ಬಂದು ಸೇರುವುದರಿಂದ ನೋಡಲು ನಕ್ಷತ್ರದಂತಿರುತ್ತವೆ. ಕೋಶಕೇಂದ್ರಗಳೂ ಎರಡು ಬಗೆ. ದೊಡ್ಡದು ದಿನನಿತ್ಯದ ಸಂಸಾರವನ್ನು ನಡೆಸುತ್ತದೆ. ಚಿಕ್ಕದು ಸುಮ್ಮನಿರುತ್ತದೆ. ಎರಡು ಪ್ಯಾರಮೀಸಿಯಂಗಳು ಕೂಡಿದಾಗ ಅವು ಕೊಟ್ಟುಕೊಳ್ಳುವುದು ಈ ಚಿಕ್ಕದರ ಪಾಲನ್ನು. ಅನಂತರ ದುಡಿದು ಹಳತಾದ ದೊಡ್ಡ ಕೇಂದ್ರ ಕರಗಿಹೋಗಿ, ಚಿಕ್ಕದರಿಂದಲೇ ಹೊಸ ದೊಡ್ಡ ಕೇಂದ್ರ ಮೂಡುತ್ತದೆ. ರೈತನ ಮನೆಯಲ್ಲಿ ಊಟದ ಕಾಳು ಬೇರೆ, ಬಿತ್ತನೆಗೆಂದು ವಾಡೆಯಲ್ಲಿ ಕಾಪಿಟ್ಟ ಕಾಳು ಬೇರೆ. ಒಂದೇ ಕೋಶದೊಳಗೆ ಈ ವಿವೇಕ! ಈ ಎರಡು ಕಾಳುಗಳ ಮಾತನ್ನು ನೆನಪಿಟ್ಟಿರಿ. ಮುಂದೆ ಮತ್ತೆ ಬೇಕಾಗುತ್ತದೆ.

ಅಂಗವಿರಲಿ, ಬುದ್ಧಿ? ಪ್ಯಾರಮೀಸಿಯಮ್ಮಿನ ದೂರದ ನೆಂಟನಾದ ಸ್ಟೆಂಟರ್ ಎಂಬುದು ಕಹಳೆಯಾಕಾರದ ಏಕಕೋಶ ಜೀವಿ. ತೊಟ್ಟಿನಿಂದ ಕಸಕಡ್ಡಿಗೆ ಅಂಟಿಕೊಂಡು ನಿಂತಿರುತ್ತದೆ. ಹರ್ಬರ್ಟ್ ಜೆನ್ನಿಂಗ್ಸ್ ಎಂಬ ಅಮೆರಿಕದ ವಿಜ್ಞಾನಿ ಅದರ ಮೇಲೆ ಬಣ್ಣದ ಪುಡಿಯನ್ನು ಮತ್ತೆ ಮತ್ತೆ ಸುರಿದು ನೋಡಿ 1906ರ ತನ್ನ ಗ್ರಂಥದಲ್ಲಿ ಹೀಗೆ ವರ್ಣಿಸಿದ: ಮೊದಲು ಅದು ಬಾಗಿ ತಪ್ಪಿಸಿಕೊಳ್ಳುತ್ತದೆ, ಕಿರುಕುಳ ನಿಲ್ಲದಿದ್ದರೆ ಲೋಮಗಳನ್ನು ಹಿಂದುಮುಂದಾಗಿ ಬಡಿದು ಪುಡಿಯನ್ನು ದೂಡುತ್ತದೆ, ಆಗಲೂ ನಿಲ್ಲದಿದ್ದರೆ ಮುದುಡಿಕೊಳ್ಳುತ್ತದೆ, ಕಟ್ಟಕಡೆಗೆ ಬುಡ ಕಿತ್ತುಕೊಂಡು ಬೇರೆಡೆಗೆ ಈಜಿಹೋಗುತ್ತದೆ. 1967ರಲ್ಲಿ ಇದನ್ನು ಪರೀಕ್ಷಿಸಹೊರಟವರಿಗೆ ಇದು ಕಾಣಲಿಲ್ಲ. ಅವರು ತೆಗೆದುಕೊಂಡುದು ಬೇರೊಂದು ಜಾತಿಯ ಸ್ಟೆಂಟರನ್ನು! ಆದರೂ ಜೆನ್ನಿಂಗ್ಸನ ಮಾತು ಮೂಲೆಗೆ ಸೇರಿತು. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಸರಿಯಾದ ಜಾತಿಯನ್ನೇ ಹುಡುಕಿ ತಂದು, ಬಣ್ಣದ ಪುಡಿಗೆ ಬದಲು ಪ್ಲಾಸ್ಟಿಕ್ ಕಣಗಳನ್ನು ಹರಿಸಿ ನೋಡಿದರು. ನೂರು ವರ್ಷಗಳಿಗೂ ಹಿಂದಿನ ವರ್ಣನೆ ಬಹುಮಟ್ಟಿಗೆ ನಿಜವಾಯಿತು. ಮುದುಡಿಕೊಂಡ ಜೀವಿ ಅಲ್ಲೇ ಇರಬೇಕೋ ಬಿಟ್ಟುಹೋಗಬೇಕೋ ಎಂಬ ಘಟ್ಟದಲ್ಲಿ ಮಾತ್ರ, ನಾಣ್ಯ ಚಿಮ್ಮಿ ನಿರ್ಧರಿಸಿದಂತೆ, ಎರಡಕ್ಕೂ ಸಮ ಸಂಭವವಿತ್ತಂತೆ. ಇದನ್ನು ಬುದ್ಧಿ ಎನ್ನಬಹುದೆ? ನಾನು ಅನ್ನಲಾರೆ. ಆದರೆ ನರವೊಂದೂ ಇಲ್ಲದ ಜೀವಿ ಇಷ್ಟು ಉಪಾಯಗಳನ್ನು ಒಂದಾದ ಮೇಲೊಂದರಂತೆ ಹೂಡುತ್ತದೆಂದ ಮೇಲೆ, ಇದನ್ನು ‘ಕೀಳು ಜೀವಿ’ ಎಂದು ಕರೆಯಲು ನಾಲಗೆ ಹಿಂಜರಿಯುತ್ತದೆ.

ಇನ್ನು ಒಂದಂಕಣದ ಮನೆಯಿಂದ ಕೂಡುಕುಟುಂಬದ ಮನೆಗೆ ಹೋಗೋಣ. ಈ ದಾರಿಯಲ್ಲಿ ಮೊದಲು ಸಿಗುವುದು ಸ್ಪಂಜು. ಸಮುದ್ರದಲ್ಲೇ ಹೆಚ್ಚಾದರೂ ನಮ್ಮ ದೇಶದ ಕೆರೆ ನದಿಗಳ ಕಲ್ಲುಗಳ ಮೇಲೂ ಸಿಹಿನೀರಿನ ಸ್ಪಂಜುಗಳು ಬೆಳೆಯುತ್ತವೆ. ನೋಡಿದವರು ಪಾಚಿಯೆಂದು ಭಾವಿಸಿ ಮುಂದೆ ಹೋಗುತ್ತಾರೆ. ಅದು ಪ್ರಾಣಿ. ಆದರೆ ಎಂಥ ಪ್ರಾಣಿ! ಬಾಯಿಯಿಲ್ಲ, ಹೊಟ್ಟೆಯಿಲ್ಲ, ಸ್ನಾಯುವಿಲ್ಲ, ನರವಿಲ್ಲ. ಮೈಯೆಲ್ಲ ರಂಧ್ರ. ಒಳಗಿನ ಕೋಣೆಗಳ ಗೋಡೆಯಲ್ಲಿ ಸಾಲಾಗಿ ಕುಳಿತ ಕೋಶಗಳು ತಮ್ಮ ಚಾವಟಿಗಳನ್ನು ಬೀಸುತ್ತ ನೀರನ್ನು ಸಣ್ಣ ರಂಧ್ರಗಳಿಂದ ಒಳಗೆಳೆದು, ಅನ್ನದ ಕಣಗಳನ್ನು ಸೋಸಿಕೊಂಡು, ದೊಡ್ಡ ದ್ವಾರದಿಂದ ಹೊರಬಿಡುತ್ತವೆ. ದಿನಕ್ಕೆ ತಮ್ಮ ಗಾತ್ರದ ಸಾವಿರಾರು ಪಾಲು ನೀರನ್ನು ಶೋಧಿಸುವ ಸ್ಪಂಜುಗಳಿವೆ. ಆ ಗೋಡೆಯ ಕೋಶಗಳ ನಡುವೆ ಅಮೀಬದಂತೆ ತೆವಳುವ ಕೋಶಗಳು ಅನ್ನವನ್ನು ಮನೆಮಂದಿಗೆಲ್ಲ ಹಂಚುತ್ತವೆ.

ಇಲ್ಲಿ ಕೂಡುಕುಟುಂಬದ ಕಟ್ಟು ಇನ್ನೂ ಸಡಿಲ. 1907ರಲ್ಲಿ ಎಚ್. ವಿ. ವಿಲ್ಸನ್ ಎಂಬ ವಿಜ್ಞಾನಿ ಜೀವಂತ ಸ್ಪಂಜನ್ನು ತೆಳುವಾದ ರೇಷ್ಮೆ ಬಟ್ಟೆಯಲ್ಲಿ ಹಿಂಡಿ, ಕೋಶಗಳನ್ನು ಬಿಡಿಬಿಡಿಯಾಗಿ ನೀರಿಗೆ ಸುರಿದ. ಅವು ಸಾಯಲಿಲ್ಲ. ತೆವಳಿದುವು, ಒಂದನ್ನೊಂದು ಹುಡುಕಿದುವು, ಅಂಟಿಕೊಂಡು ಗುಂಪಾದುವು. ಕೆಲವು ದಿನಗಳಲ್ಲಿ ಮತ್ತೆ ಸ್ಪಂಜುಗಳಾದುವು. ಅಣ್ಣತಮ್ಮಂದಿರು ಪಾಲಾಗಿ, ಬಿಟ್ಟಿರಲಾರದೆ ಮತ್ತೆ ಒಂದೇ ಸೂರಿನಡಿ ಸೇರಿದಂತೆ.

ಮುಂದಿನದು ಹೈಡ್ರ. ನಿಂತ ತಿಳಿನೀರಿನಲ್ಲಿ ಜೊಂಡಿನ ಎಲೆಗೆ ಅಂಟಿಕೊಂಡು ಜೋತಾಡುವ, ಅರ್ಧ ಅಂಗುಲಕ್ಕೂ ಕಡಿಮೆಯಾದ ಎಳೆ. ಮೈಯೆಂದರೆ ಒಂದು ಕೊಳವೆ. ಒಂದು ತುದಿ ಮುಚ್ಚಿ ಪಾದವಾಗಿದೆ, ಇನ್ನೊಂದು ತುದಿ ತೆರೆದು ಬಾಯಾಗಿದೆ. ಬಾಯ ಸುತ್ತ ಕೆಲವು ಕರಬಳ್ಳಿಗಳು. ಕೊಳವೆಯ ಗೋಡೆಯಲ್ಲಿ ಕೋಶಗಳ ಎರಡೇ ಪದರ: ಹೊರಪದರ ಮೈಗಾವಲಿಗೆ, ಒಳಪದರ ಜೀರ್ಣಕ್ಕೆ. ಉಂಡ ಬಾಯಿಂದಲೇ ಚರಟವನ್ನು ಉಗುಳಬೇಕು. ಆದರೂ ಇಲ್ಲಿ ಕೆಲಸದ ಹಂಚಿಕೆ ಖಚಿತವಾಗಿದೆ. ಕೆಲವು ಕೋಶಗಳು ಸ್ನಾಯುವಿನಂತೆ ಕುಗ್ಗಿ ಹಿಗ್ಗುತ್ತವೆ. ನರಕೋಶಗಳು ಮೈತುಂಬ ಬಲೆಯಂತೆ ಹರಡಿವೆ. ಆದರೆ ಮಿದುಳೆಂಬ ರಾಜಧಾನಿಯಿಲ್ಲ. ಕರಬಳ್ಳಿಗಳಲ್ಲಿ ಕುಟುಕುಕೋಶಗಳಿವೆ, ಪ್ರತಿಯೊಂದರಲ್ಲೂ ಒಂದು ಪುಟ್ಟ ಕೋಶಿಕೆ, ಅದರೊಳಗೆ ಸುರುಳಿ ಸುತ್ತಿದ ಈಟಿ. ನೀರುಚಿಗಟದಂಥ ಪ್ರಾಣಿ ತಾಗಿದೊಡನೆ ಈಟಿ ಸಿಡಿಯುತ್ತದೆ. ಈ ಸಿಡಿತ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆಂದು 2006ರಲ್ಲಿ ಅಳೆದಿದ್ದಾರೆ. ಒಮ್ಮೆ ಸಿಡಿದ ಮೇಲೆ ಆ ಕೋಶದ ಕೆಲಸ ಮುಗಿಯಿತು. ಅದರ ಸ್ಥಾನಕ್ಕೆ ಹೊಸದು ಬರಬೇಕು.

ಈ ಹೈಡ್ರ ಗಿಡವೋ ಪ್ರಾಣಿಯೋ ಎಂಬ ಸಂಶಯ 1740ರಲ್ಲಿ ಏಬ್ರಹಾಂ ಟ್ರೆಂಬ್ಲಿಯನ್ನು ಕಾಡಿತು. ಆತ ಹಾಲೆಂಡಿನ ಹೇಗ್ ನಗರದ ಬಳಿ ಶ್ರೀಮಂತರ ಮನೆಯ ಇಬ್ಬರು ಹುಡುಗರಿಗೆ ಪಾಠ ಹೇಳುತ್ತಿದ್ದ ಉಪಾಧ್ಯಾಯ. ಕತ್ತರಿಸಿದರೆ ಗಿಡವಾದರೆ ಚಿಗುರೀತು, ಪ್ರಾಣಿಯಾದರೆ ಸತ್ತೀತು ಎಂಬುದು ಅವನ ತರ್ಕ. ಕತ್ತರಿಸಿದ. ಎರಡು ತುಂಡುಗಳೂ ಬೆಳೆದು ಎರಡು ಹೈಡ್ರಗಳಾದುವು. ಆದರೆ ಅವು ನಡೆಯುತ್ತಿದ್ದುವು, ಬೇಟೆಯಾಡಿ ತಿನ್ನುತ್ತಿದ್ದುವು. ತಲೆಯನ್ನು ಉದ್ದಕ್ಕೆ ಸೀಳಿದರೆ ಒಂದೇ ಮೈಗೆ ಹಲವು ತಲೆಗಳು ಮೂಡಿದುವು. ಕಡಿದಷ್ಟೂ ತಲೆ ಚಿಗುರುವ ಗ್ರೀಕ್ ಪುರಾಣದ ಸರ್ಪದ ಹೆಸರು ಇದಕ್ಕೆ ಬಂದುದು ಇದರಿಂದ. ನಮ್ಮವರು ನೋಡಿದ್ದರೆ ರಕ್ತಬೀಜನೆಂದು ಕರೆಯುತ್ತಿದ್ದರೋ ಏನೋ.

ಇಷ್ಟು ದೂರ ಬಂದ ಮೇಲೆ ಲೆಕ್ಕವೊಂದನ್ನು ನೋಡಬೇಕು. ಕೂಡಿ ಬಾಳುವುದರಿಂದ ಕೋಶಕ್ಕೆ ಬಂದ ಲಾಭವೇನು, ತೆತ್ತ ಬೆಲೆಯೇನು? ಲಾಭ ಕಣ್ಣಿಗೆ ಕಾಣುತ್ತದೆ: ಗಾತ್ರ, ಬಲ, ರಕ್ಷಣೆ, ಒಂದೇ ಕೆಲಸದಲ್ಲಿ ಪಳಗುವ ನೈಪುಣ್ಯ. ಬೆಲೆ ಮಾತ್ರ ದುಬಾರಿ. ಅಮೀಬ ಒಂಟಿಯಾಗಿ ಬಾಳಬಲ್ಲದು. ಹೈಡ್ರದ ನರಕೋಶ ಬಾಳಲಾರದು. ಅಮೀಬ ಎರಡಾಗಿ ಒಡೆದು ಮುಂದುವರಿಯುತ್ತದೆ. ಹಿಂದೆ ಹೆಣ ಉಳಿಯುವುದಿಲ್ಲ. ಕೂಡುಕುಟುಂಬದ ಮೈಯಲ್ಲಾದರೋ ಬಿತ್ತನೆಯ ಕಾಳಿನಂತೆ ಕಾಪಿಟ್ಟ ಕೆಲವೇ ಕೋಶಗಳು ಮುಂದಿನ ತಲೆಮಾರಿಗೆ ದಾಟುತ್ತವೆ. ಮಿಕ್ಕವು ದುಡಿದು ಸಾಯುತ್ತವೆ. 1880ರ ದಶಕದಲ್ಲಿ ಜರ್ಮನಿಯ ಆಗಸ್ಟ್ ವೈಸ್‌ಮನ್ ಇದನ್ನು ಒಂದು ಸಿದ್ಧಾಂತವಾಗಿಯೇ ಮಂಡಿಸಿದ. ಮುಪ್ಪು, ಮರಣಗಳು ಜೀವಕ್ಕೆ ಹುಟ್ಟಿನಿಂದಲೇ ಅಂಟಿದುವಲ್ಲ, ಕೋಶಗಳು ಕೂಡಿ ದೇಹವನ್ನು ಕಟ್ಟಿದ ಮೇಲೆ ಬಂದುವು ಎಂಬುದು ಅವನ ವಾದದ ತಿರುಳು.

ನಿಸರ್ಗ ಯಾವ ಪಂಡಿತನ ಸೂತ್ರಕ್ಕೂ ಪೂರ್ತಿಯಾಗಿ ಕಟ್ಟುಬೀಳುವುದಿಲ್ಲ. ಏಕಕೋಶಿಯಾದ ಪ್ಯಾರಮೀಸಿಯಂ, ತನ್ನ ಹಳೆಯ ದೊಡ್ಡ ಕೇಂದ್ರವನ್ನು ಹೊಸದಾಗಿಸಿಕೊಳ್ಳದೆ ಬರಿದೇ ಒಡೆಯುತ್ತ ಹೋದರೆ, ಪೀಳಿಗೆ ಪೀಳಿಗೆಗೆ ಬಳಲಿ ವಂಶವೇ ಅಳಿಯುತ್ತದೆ. ಬಹುಕೋಶಿಯಾದ ಹೈಡ್ರವನ್ನು ನಾಲ್ಕು ವರ್ಷ ಜೋಪಾನವಾಗಿ ಸಾಕಿ ನೋಡಿದ ಡೇನಿಯಲ್ ಮಾರ್ಟಿನೆಜ್ ಎಂಬ ವಿಜ್ಞಾನಿ, ಅದರಲ್ಲಿ ಮುಪ್ಪಿನ ಕುರುಹೇ ಕಾಣಲಿಲ್ಲವೆಂದು 1998ರಲ್ಲಿ ಪ್ರಕಟಿಸಿದ. ಅದರ ಮೈಯ ಕೋಶಗಳು ಎಡೆಬಿಡದೆ ಹೊಸದಾಗುತ್ತಿರುತ್ತವೆ; ಮನೆ ಹಳೆಯದಾಗುವ ಮೊದಲೇ ಕಂಬ, ತೊಲೆ, ಹೆಂಚುಗಳೆಲ್ಲ ಬದಲಾಗಿರುತ್ತವೆ. ಹೀಗಾಗಿ ಮರಣವು ಗಾತ್ರಕ್ಕೆ ಬಿದ್ದ ತೆರಿಗೆಯಲ್ಲ. ಮತ್ತೆ ಹೊಸದಾಗಲಾರದಷ್ಟು ಒಂದೇ ಕೆಲಸಕ್ಕೆ ಕಟ್ಟುಬಿದ್ದ ಕೋಶಗಳು ತೆರುವ ತೆರಿಗೆ ಎಂದು ಹೇಳಿದರೆ ಸತ್ಯಕ್ಕೆ ಇನ್ನಷ್ಟು ಹತ್ತಿರವಾದೀತು. ನಮ್ಮ ಹೃದಯ, ಮಿದುಳುಗಳಲ್ಲಿ ಇರುವುದು ಬಹುಪಾಲು ಅಂಥ ಕೋಶಗಳೇ. ಹೈಡ್ರಕ್ಕೆ ಇಲ್ಲದ ನೆನಪು, ಮಾತು, ಮಮತೆಗಳು ನಮಗೆ ದಕ್ಕಿರುವುದೂ ಅವುಗಳಿಂದಲೇ. ತೆರಿಗೆ ಕಟ್ಟಿ ಪಡೆದ ಆಸ್ತಿ ಅದು.

ಆ ಹಳೆಯ ಒಂದಂಕಣದ ಮನೆ ನಮ್ಮೊಳಗೆ ಪೂರ್ತಿ ಅಳಿದುಹೋಯಿತೆ? ಇಲ್ಲ. 1882ರಲ್ಲಿ ರಷ್ಯದ ಎಲಿ ಮೆಚ್ನಿಕಾಫ್ ಸಿಸಿಲಿಯ ಮೆಸ್ಸೀನ ಪಟ್ಟಣದಲ್ಲಿ ಸಮುದ್ರದ ನಕ್ಷತ್ರಮೀನಿನ ಪಾರದರ್ಶಕವಾದ ಮರಿಗಳನ್ನು ನೋಡುತ್ತ ಕುಳಿತಿದ್ದ. ಅವುಗಳ ಮೈಯೊಳಗೆ ಅಮೀಬದಂತೆ ತೆವಳುವ ಕೋಶಗಳಿದ್ದುವು. ತೋಟದ ಗುಲಾಬಿಯ ಮುಳ್ಳುಗಳನ್ನು ತಂದು ಮರಿಗಳ ಮೈಗೆ ಚುಚ್ಚಿಟ್ಟು, ರಾತ್ರಿಯೆಲ್ಲ ನಿದ್ದೆಗೆಟ್ಟು, ಬೆಳಗಾಗುತ್ತಲೇ ನೋಡಿದ. ತೆವಳುವ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದುವು. ನಮ್ಮ ರಕ್ತದ ಬಿಳಿಯ ಕೋಶಗಳು ರೋಗಾಣುಗಳನ್ನು ನುಂಗಿ ನಮ್ಮನ್ನು ಕಾಯುತ್ತವೆಂಬ ತಿಳಿವಳಿಕೆ ಹುಟ್ಟಿದ್ದು ಅಲ್ಲಿಂದ. 1908ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕದ ಪಾಲು ಸಂದಿತು.

ಬೆರಳಿಗೆ ಮುಳ್ಳು ಚುಚ್ಚಿ ಕೀವಾದಾಗ ನಾವು ಅಸಹ್ಯಪಟ್ಟುಕೊಳ್ಳುತ್ತೇವೆ. ಆ ಕೀವು ಎಂದರೆ ಬಹುಮಟ್ಟಿಗೆ ಮನೆಗಾಗಿ ಕಾದಾಡಿ ಮಡಿದ ಈ ಬಿಳಿಯ ಕೋಶಗಳ ರಾಶಿ. ಅವಕ್ಕೂ ಅಮೀಬಕ್ಕೂ ನಡೆ ಒಂದೇ, ಉಣ್ಣುವ ಬಗೆ ಒಂದೇ. ಅಮೀಬ ತನಗಾಗಿ ನುಂಗುತ್ತದೆ, ಇವು ನಮಗಾಗಿ ನುಂಗುತ್ತವೆ, ವ್ಯತ್ಯಾಸ ಅಷ್ಟೆ. ಇದೇ ಮೈಯಲ್ಲಿ ಯಾವುದೋ ಒಂದು ಕೋಶ ಕುಟುಂಬದ ಕಟ್ಟಳೆಯನ್ನು ಮುರಿದು, ಒಂಟಿ ಬಾಳಿನವರಂತೆ ತನ್ನ ಪಾಡಿಗೆ ತಾನು ಒಡೆಯುತ್ತ ಹೆಚ್ಚಿದರೆ ಅದನ್ನು ಕ್ಯಾನ್ಸರ್ ಎನ್ನುತ್ತೇವೆ. ಅಮೀಬದ ಪಾಲಿಗೆ ಸಹಜಧರ್ಮವಾದುದು ನಮ್ಮ ಮೈಯೊಳಗೆ ದ್ರೋಹವಾಗುತ್ತದೆ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಇದ್ದಲ್ಲಿಂದಲೇ ಕೇಳಲಿ ಎಂದು ಹೇಳುತ್ತೇನೆ. ಅಯ್ಯಾ, ಅಂಗರಚನೆಯೆಂದರೆ ಅಂಗಗಳ ಪಟ್ಟಿ ಎಂದು ನಾನೂ ತಿಳಿದಿದ್ದೆ, ನಿನಗೂ ಹಾಗೆಯೇ ಕಲಿಸಿದೆ. ಅದು ತಪ್ಪು. ಉಣ್ಣಬೇಕು, ಉಸಿರಾಡಬೇಕು, ಕಸವನ್ನು ಹೊರಹಾಕಬೇಕು, ಅಪಾಯದಿಂದ ತಪ್ಪಿಸಿಕೊಳ್ಳಬೇಕು, ಸಂತತಿಯನ್ನು ಬಿಟ್ಟುಹೋಗಬೇಕು. ಜೀವವೆಂದ ಮೇಲೆ ಈ ಕೆಲಸಗಳು ತಪ್ಪಿದ್ದಲ್ಲ. ಅವನ್ನು ಯಾರು ಯಾರು ಹಂಚಿಕೊಂಡರೆಂಬ ಕಥೆಯೇ ಅಂಗರಚನೆ. ಅಮೀಬದಲ್ಲಿ ಹಂಚಿಕೊಳ್ಳಲು ಇನ್ನೊಬ್ಬರಿರಲಿಲ್ಲ. ನಾನು ಕರಿಹಲಗೆಯ ಮೇಲೆ ಬರೆದ ಆ ಅಂಕುಡೊಂಕಾದ ಗೆರೆಯೊಳಗೆ ಅಂಗಗಳಿರಲಿಲ್ಲವೆಂಬುದು ದಿಟ. ಆದರೆ ಅಂಗಗಳ ಕೆಲಸವೆಲ್ಲವೂ ಅಲ್ಲಿತ್ತು.

(ಬಾನುಲಿ ಭಾಷಣದ ಬರಹರೂಪ)